ಮೀಟರ್‌ನಲ್ಲಿ 97 ಇತ್ತು, ಅತ್ತೆ ಮಾತ್ರ ಏಳಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಏದುಸಿರಿನ ಬಗ್ಗೆ ಅರ್ಧ ಪುಟ ಬರಹ ಬಂದಿತ್ತು. ಚೆನ್ನಾಗಿತ್ತು. ಮೆಟ್ಟಿಲು ಹತ್ತುವಾಗ ಮೇಲುಸಿರು ಬಂದರೆ ಏನು, ರಾತ್ರಿ ದಮ್ಮು ಕಟ್ಟಿದರೆ ಏನು, ಎಲ್ಲ ಇತ್ತು. ಆದರೆ ಉಸಿರು ಜೋರಾದರೆ ಕಾಯಿಲೆ, ಮೆಲ್ಲಗಾದರೆ ನೆಮ್ಮದಿ ಅಂತ ನಾವೆಲ್ಲ ಅಂದುಕೊಂಡಿರುತ್ತೇವಲ್ಲ, ಆ ತಪ್ಪು ಆ ಬರಹ ಓದಿದ ಮೇಲೂ ಹಾಗೇ ಉಳಿಯುತ್ತದೆ. ಅದಕ್ಕೇ ಈ ಪತ್ರ. ಉದ್ದವಾದರೆ ಕತ್ತರಿಸಿ, ಬೇಸರವಿಲ್ಲ. ಉಸಿರು ಎಣಿಸುವ ವಿಷಯ ಒಂದನ್ನು ಮಾತ್ರ ಬಿಡಬೇಡಿ.

ನಮ್ಮದು ಮಲೆನಾಡಿನ ಅಡಿಕೆ ಮನೆ. ಅತ್ತೆಗೆ ಈಗ 71. ಬೀಡಿ ಸಿಗರೇಟು ಕೈಯಲ್ಲೂ ಹಿಡಿದವರಲ್ಲ. ಆದರೆ ಮದುವೆಯಾಗಿ ಬಂದಾಗಿನಿಂದ ಬೆಳಗ್ಗೆ ಬಚ್ಚಲ ಒಲೆ, ಆಮೇಲೆ ಅಡುಗೆ ಒಲೆ, ಸುಗ್ಗಿ ಬಂದರೆ ಅಡಿಕೆ ಬೇಯಿಸುವ ಒಲೆ, ಮೂರರ ಹೊಗೆಯನ್ನೂ ಕುಡಿದವರು. ಗ್ಯಾಸ್ ಬಂದ ಮೇಲೂ ಬಚ್ಚಲಿಗೆ ಸೌದೆಯೇ ಆಗಬೇಕು, ನೀರಿಗೆ ಆ ರುಚಿ ಬರಲ್ಲ ಅನ್ನುತ್ತಿದ್ದರು (ಸ್ನಾನದ ನೀರಿಗೆ ಎಂಥಾ ರುಚಿಯೋ!). ನಾಲ್ಕು ವರ್ಷದ ಹಿಂದೆ ಸಿಒಪಿಡಿ ಅಂದರು. ಅಂದರೆ ಶ್ವಾಸಕೋಶದ ಕೊಳವೆಗಳು ಹೊಗೆ ತಿಂದು ತಿಂದು ಸಣ್ಣಗಾಗಿ, ಒಳಗಿನ ಗಾಳಿ ಪೂರ್ತಿ ಹೊರಗೆ ಹೋಗದ ಕಾಯಿಲೆ. ಸಿಗರೇಟು ಸೇದುವವರಿಗೆ ಮಾತ್ರ ಬರುತ್ತದೆ ಅಂದುಕೊಂಡಿದ್ದ ನಮಗೆ ಮೊದಲ ಪಾಠ ಅದೇ ಆಯ್ತು.

ಹೋದ ಮಳೆಗಾಲದಲ್ಲಿ ಕಫ ಜಾಸ್ತಿಯಾಗಿ ಆಸ್ಪತ್ರೆಗೆ ಸೇರಿಸಿ, ಒಂದು ವಾರದ ಮೇಲೆ ಆಕ್ಸಿಜನ್ ಮಶಿನ್ ಸಮೇತ ಮನೆಗೆ ಕಳಿಸಿದರು. ನಿಮಿಷಕ್ಕೆ ಎರಡು ಲೀಟರಿಗೆ ಇಡಿ ಅಂದರು. ಡಿಸ್ಚಾರ್ಜ್ ಚೀಟಿಯಲ್ಲಿ ಎಂಟು ಮಾತ್ರೆ, ಎರಡು ಪಂಪ್, ಒಂದು ಟಾನಿಕ್ ಬರೆದಿತ್ತು. ಆಕ್ಸಿಜನ್ ಬಗ್ಗೆ ಒಂದಕ್ಷರ ಇರಲಿಲ್ಲ. ಯಾವ ಆಸ್ಪತ್ರೆ ಅಂತ ಬರೆಯುವುದಿಲ್ಲ, ಬರೆದು ಪ್ರಯೋಜನವೂ ಇಲ್ಲ. ಬೇರೆ ಆಸ್ಪತ್ರೆಗಳ ಚೀಟಿಯನ್ನೂ ಆಮೇಲೆ ನೋಡಿದ್ದೇನೆ, ಅವೂ ಹಾಗೇ ಇವೆ.

ಮನೆಯಲ್ಲಿ ಬೆರಳಿಗೆ ಹಾಕುವ ಮೀಟರ್ ಇತ್ತು, ರಕ್ತದಲ್ಲಿ ಆಕ್ಸಿಜನ್ ನೂರಕ್ಕೆ ಎಷ್ಟಿದೆ ಅಂತ ತೋರಿಸುವುದು, ಕೋವಿಡ್ ಕಾಲದಲ್ಲಿ ತಂದಿದ್ದು. ಆಗ ನಮಗೆಲ್ಲ ಒಂದು ಸಂಖ್ಯೆ ಬಾಯಿಪಾಠ ಆಗಿಬಿಟ್ಟಿತ್ತು ನೋಡಿ, 94. ಅದಕ್ಕಿಂತ ಕೆಳಗಿಳಿದರೆ ಆಸ್ಪತ್ರೆಗೆ ಓಡಿ. ಅತ್ತೆಗೆ ಹಾಕಿದರೆ 89, 90, ಒಮ್ಮೊಮ್ಮೆ 88. ನಮ್ಮ ಎದೆ ಧಸಕ್ ಅನ್ನುತ್ತಿತ್ತು. ಬಂದ ನೆಂಟರೆಲ್ಲ ಮೀಟರ್ ನೋಡಿ ಛೆ ಛೆ ಅನ್ನುವವರೇ. ಒಂದು ಸಂಜೆ ನನ್ನ ಮೈದುನ ಬಂದವರು, "ಅತ್ತಿಗೆ, ಮಶಿನ್ ಇಟ್ಕೊಂಡು ಯಾಕೆ ಕಂಜೂಸ್ ಮಾಡ್ತೀರಿ, ಐದು ಲೀಟರ್ ತನಕ ಹೋಗುತ್ತಲ್ಲ" ಅಂತ ಗುಂಡಿ ತಿರುಗಿಸಿಯೇ ಬಿಟ್ಟರು. ಹತ್ತು ನಿಮಿಷಕ್ಕೆ 97 ಬಂತು. ಎಲ್ಲರಿಗೂ ಖುಷಿ. ಅತ್ತೆ ನಾಲ್ಕೈದು ದಿನದಿಂದ ರಾತ್ರಿ ಸರಿಯಾಗಿ ಮಲಗಿರಲಿಲ್ಲ ಅಂತ ಅವರೇ ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆಯನ್ನೂ ತಂದಿದ್ದರು, ಅರ್ಧ ಕೊಟ್ಟೆವು. ಮೈದುನರನ್ನು ದೂರುತ್ತಿಲ್ಲ. ಅವರು ತಿರುಗಿಸದಿದ್ದರೆ ಮಾರನೆ ದಿನ ನಾನೇ ತಿರುಗಿಸುತ್ತಿದ್ದೆ.

ಆ ರಾತ್ರಿ ಅತ್ತೆ ಎಷ್ಟು ಚೆನ್ನಾಗಿ ಮಲಗಿದರು ಅಂದರೆ, ಕೆಮ್ಮಿಲ್ಲ, ಏದುಸಿರಿಲ್ಲ, ಎದ್ದು ಕೂರುವುದಿಲ್ಲ. ಮುಖವೂ ಕೆಂಪಗೆ ಕಳೆಕಳೆಯಾಗಿತ್ತು. ಪಾಪ, ಎಷ್ಟೋ ದಿನದ ಮೇಲೆ ಒಳ್ಳೆ ನಿದ್ದೆ ಬಂತು ಅಂತ ನಾವು ಪಿಸುಮಾತಿನಲ್ಲೇ ಊಟ ಮುಗಿಸಿ ಲೈಟ್ ಆರಿಸಿದೆವು.

ಬೆಳಗ್ಗೆ ಆರೂವರೆಗೆ ಕಾಫಿ ಹಿಡಿದು ಹೋಗಿ ಕರೆದೆ. ಹೂಂ ಅನ್ನಲಿಲ್ಲ. ಅಲುಗಿಸಿದೆ. ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದರು. ಮೀಟರ್ ಹಾಕಿದೆ, 97. ಹಾಗಾದರೆ ಏನೂ ಆಗಿಲ್ಲ, ಮಾತ್ರೆಯ ಮಂಪರು ಅಂತ ಮನೆಯವರು ಅಂದರು. ನಾನೂ ಒಪ್ಪಿದೆ. ಆದರೂ ಮನಸ್ಸು ತಡೆಯದೆ ಮಗಳಿಗೆ ಫೋನ್ ಮಾಡಿದೆ, ಅವಳು ನರ್ಸಿಂಗ್ ಓದುತ್ತಿದ್ದಾಳೆ, ಮೂರನೇ ವರ್ಷ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮಾ, ಮೀಟರ್ ಬಿಡು. ಅಜ್ಜಿ ಹೊಟ್ಟೆ ಮೇಲೆ ಕೈ ಇಡು, ಗಡಿಯಾರ ನೋಡ್ಕೊಂಡು ಒಂದು ನಿಮಿಷ ಎಣಿಸು. ಪೂರ್ತಿ ಒಂದು ನಿಮಿಷ."

ಎಣಿಸಿದೆ. ಏಳು.

ಅದೂ ಎಂಥಾ ಉಸಿರು, ಕೈ ಎತ್ತಿದ್ದೇ ಗೊತ್ತಾಗದಷ್ಟು. ದೊಡ್ಡವರು ಸುಮ್ನೆ ಕೂತಿದ್ದಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಏಳು ಅಂದ ಕೂಡಲೇ ಮಗಳ ಧ್ವನಿ ಬದಲಾಯ್ತು. 108ಕ್ಕೆ ಮಾಡು, ಅಜ್ಜಿಯನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸು, ಕಾಫಿ ನೀರು ಏನೂ ಬಾಯಿಗೆ ಹಾಕಬೇಡ, ಆಕ್ಸಿಜನ್ ಪೂರ್ತಿ ತೆಗೆಯಬೇಡ, ಎರಡಕ್ಕೆ ಇಳಿಸು, ಅಂತ ಒಂದೇ ಉಸಿರಿಗೆ ಹೇಳಿದಳು. ಪೂರ್ತಿ ಯಾಕೆ ತೆಗೆಯಬಾರದು ಅಂದರೆ, ಒಮ್ಮೆಲೇ ನಿಲ್ಲಿಸಿದರೆ ರಕ್ತದ ಆಕ್ಸಿಜನ್ ಮೊದಲಿದ್ದಕ್ಕಿಂತಲೂ ಕೆಳಗೆ ಬೀಳುತ್ತದಂತೆ. ನನಗಂತೂ ಆಗ ಕಿತ್ತು ಬಿಸಾಕುವಷ್ಟು ಸಿಟ್ಟು ಬಂದಿತ್ತು ಆ ಮಶಿನ್ ಮೇಲೆ.

ಆಸ್ಪತ್ರೆಯಲ್ಲಿ ಮಣಿಕಟ್ಟಿನ ನಾಡಿಯಿಂದ ರಕ್ತ ತೆಗೆದರು. ಎಬಿಜಿ ಅನ್ನುತ್ತಾರೆ ಆ ಪರೀಕ್ಷೆಗೆ, ಮಾಮೂಲಿ ರಕ್ತ ತೆಗೆಯುವುದಕ್ಕಿಂತ ಜಾಸ್ತಿ ನೋಯುತ್ತದೆ, ಅತ್ತೆ ಅದಕ್ಕೂ ಸರಿಯಾಗಿ ಮುಖ ಕಿವುಚಲಿಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಅಂತ ನಾವು ಶಾಲೆಯಲ್ಲಿ ಓದಿದ್ದೆವಲ್ಲ, ಅದು 35ರಿಂದ 45ರ ಒಳಗಿರಬೇಕು. ಅತ್ತೆಗೆ 94 ಇತ್ತು. ಮೀಟರಿನಲ್ಲಿ ಬರಲಿ ಬರಲಿ ಅಂತ ವರ್ಷಗಟ್ಟಲೆ ಹಾರೈಸಿದ್ದ 94 ಕೊನೆಗೆ ಬಂದಿದ್ದು ಅಲ್ಲಿ.

ಮುಂದಿನ ಕತೆ ಬೇಗ ಹೇಳಿಬಿಡುತ್ತೇನೆ. ಬೈಪ್ಯಾಪ್ ಅಂತ ಒಂದು ಮಶಿನ್, ಮುಖಕ್ಕೆ ಬಿಗಿಯಾಗಿ ಮಾಸ್ಕ್ ಕಟ್ಟಿ ಗಾಳಿಯನ್ನು ಒತ್ತಿ ಒಳಗೆ ಬಿಟ್ಟು, ಉಸಿರು ಹೊರಬಿಡುವಾಗ ಒತ್ತಡ ಇಳಿಸುತ್ತದೆ. ಗಂಟಲಿಗೆ ಕೊಳವೆ ಹಾಕದೆ ಅದರಲ್ಲೇ ನೋಡೋಣ ಅಂದರು ಡಾಕ್ಟರು. ಸಂಜೆ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟು ಮಾಸ್ಕ್ ಕೀಳಲು ಜಗಳ ಶುರು ಮಾಡಿದರು. ಆಗ ಬದುಕಿದರು ಅಂತ ನಂಬಿಕೆ ಬಂತು.

ಹಾಗಾದರೆ 97 ಸುಳ್ಳೇ? ಸುಳ್ಳಲ್ಲ. ಇದನ್ನು ನನಗೆ ಅರ್ಥ ಮಾಡಿಸಲು ಮಗಳು ಎರಡು ದಿನ ತೆಗೆದುಕೊಂಡಳು. ನಮ್ಮ ಹಳೇ ಅಡುಗೆಮನೆ ನೆನೆಸಿಕೊಳ್ಳಿ. ಒಲೆ ಉರಿಯಲು ಗಾಳಿ ಒಳಗೆ ಬರಬೇಕು, ಹೊಗೆ ಮೇಲಿನ ಕಿಂಡಿಯಿಂದ ಹೊರಗೆ ಹೋಗಬೇಕು. ಎರಡೂ ಬೇರೆ ಬೇರೆ ಕೆಲಸ. ಉಸಿರಾಟವೂ ಅಷ್ಟೇ, ಆಕ್ಸಿಜನ್ ಒಳಗೆ ತರುವುದು ಅರ್ಧ ಕೆಲಸ, ಮೈಯೊಳಗೆ ಹುಟ್ಟಿದ ಹೊಗೆಯನ್ನು, ಅಂದರೆ ಆ ಇಂಗಾಲದ ಡೈಆಕ್ಸೈಡನ್ನು, ಹೊರಗೆ ಹಾಕುವುದು ಇನ್ನರ್ಧ. ಬೆರಳಿನ ಮೀಟರ್ ಮೊದಲ ಅರ್ಧವನ್ನು ಮಾತ್ರ ನೋಡುತ್ತದೆ. ಮಶಿನ್‌ನಿಂದ ಆಕ್ಸಿಜನ್ ಸುರಿಯುತ್ತಿದ್ದರೆ ನಿಮಿಷಕ್ಕೆ ಏಳು ಸಲ ಉಸಿರಾಡಿದರೂ ರಕ್ತಕ್ಕೆ ಬೇಕಾದಷ್ಟು ಸಿಕ್ಕಿಬಿಡುತ್ತದೆ, ಮೀಟರ್ 97 ತೋರಿಸುತ್ತದೆ, ಅದು ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಹೊಗೆ ಮಾತ್ರ ಒಳಗೇ ತುಂಬುತ್ತಾ ಹೋಗುತ್ತದೆ. ತುಂಬಿದ ಹೊಗೆ ಸುಮ್ನೆ ಕೂರುವುದಿಲ್ಲ, ಮಿದುಳಿಗೆ ಮಂಪರು ಹಿಡಿಸುತ್ತದೆ. ಮಂಪರು ಬಂದರೆ ಉಸಿರು ಇನ್ನೂ ನಿಧಾನ. ನಿಧಾನವಾದರೆ ಇನ್ನೂ ಹೊಗೆ. ನಾವು ಒಳ್ಳೆ ನಿದ್ದೆ ಅಂದುಕೊಂಡಿದ್ದು ಇದನ್ನು.

ಅದೇ ಆಕ್ಸಿಜನ್ ಹಾಕದೆ ಇದ್ದವರಾದರೆ ಉಸಿರು ಕಮ್ಮಿಯಾದಾಗ ಮೀಟರೂ ಇಳಿಯುತ್ತದೆ, ಎಚ್ಚರಿಸುತ್ತದೆ. ಆಕ್ಸಿಜನ್ ಹಾಕಿದವರಲ್ಲೇ ಅದು ಕೊನೆ ತನಕ ಬಾಯಿ ಬಿಡುವುದಿಲ್ಲ. ಮೀಟರನ್ನು ಹಳಿಯುತ್ತಿಲ್ಲ, ಜಪಾನಿನ ತಕುವೊ ಅಯೊಯಾಗಿ ಅನ್ನುವ ಎಂಜಿನಿಯರು 1974ರಲ್ಲಿ ಇದರ ಉಪಾಯ ಕಂಡುಹಿಡಿದ ಮೇಲೆ ಆಪರೇಷನ್ ಟೇಬಲ್ ಮೇಲೆ ಎಷ್ಟು ಜೀವ ಉಳಿದಿವೆಯೋ. ಆದರೆ ಅದೇ ಆಪರೇಷನ್ ಕೋಣೆಯಲ್ಲಿ ಅರಿವಳಿಕೆ ಡಾಕ್ಟರು ಹೊರಗೆ ಬರುವ ಇಂಗಾಲದ ಡೈಆಕ್ಸೈಡ್ ಅಳೆಯಲು ಬೇರೆಯೇ ಯಂತ್ರ ಇಟ್ಟುಕೊಂಡಿರುತ್ತಾರೆ. ಅವರಿಗೆ ಗೊತ್ತು, ಒಂದು ಸಾಲದು ಅಂತ. ನಮ್ಮ ಮನೆಗೆ ಬಂದಿದ್ದು ಒಂದೇ.

ಸಿಒಪಿಡಿ ಇರುವವರಿಗೆ ಆಕ್ಸಿಜನ್ ಜಾಸ್ತಿ ಕೊಟ್ಟರೆ ಹೊಗೆ ಯಾಕೆ ತುಂಬುತ್ತದೆ ಅನ್ನುವುದಕ್ಕೆ, ಉಸಿರಾಡು ಅಂತ ಮಿದುಳಿಗೆ ಬರುವ ಆಜ್ಞೆಯೇ ಕಮ್ಮಿಯಾಗುತ್ತದೆ ಅಂತ ಹಳೇ ಪುಸ್ತಕಗಳಲ್ಲಿ ಇದೆಯಂತೆ. ಅದೂ ಸ್ವಲ್ಪ ನಿಜ, ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಅಂತ ಈಗ ಹೇಳುತ್ತಾರೆ. ಹಾಳಾದ ಶ್ವಾಸಕೋಶ ತನ್ನಲ್ಲಿ ಗಾಳಿ ಬಾರದ ಮೂಲೆಗಳಿಗೆ ರಕ್ತ ಹೋಗದ ಹಾಗೆ ತಾನೇ ಬಾಗಿಲು ಹಾಕಿಕೊಂಡಿರುತ್ತದೆ. ಆಕ್ಸಿಜನ್ ಸುರಿದರೆ ಆ ಬಾಗಿಲುಗಳು ತೆರೆದು, ರಕ್ತ ಕೆಟ್ಟ ಮೂಲೆಗೆ ಹೋಗಿ ಹೊಗೆ ಬಿಡದೆ ಹಾಗೇ ವಾಪಸ್ ಬರುತ್ತದೆ. ಅದಕ್ಕೇ ಇಂಥವರಿಗೆ ಮೀಟರಿನಲ್ಲಿ 88ರಿಂದ 92 ಇದ್ದರೆ ಸಾಕು ಅಂತ ಗುರಿ ಇಟ್ಟಿದ್ದಾರೆ. ಎಲ್ಲರಿಗೂ ಅಲ್ಲ, ಹೀಗೆ ಹೊಗೆ ಕಟ್ಟುವ ಅಪಾಯ ಇರುವವರಿಗೆ. ನಿಮೋನಿಯಾ ಬಂದ ಗಟ್ಟಿ ಮನುಷ್ಯನಿಗೆ ಈ ಲೆಕ್ಕ ಹಾಕಬೇಡಿ, ಯಾರಿಗೆ ಎಷ್ಟು ಅಂತ ಡಾಕ್ಟರೇ ಹೇಳಬೇಕು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬುಲೆನ್ಸ್‌ನಲ್ಲೇ ಇದನ್ನು ಪರೀಕ್ಷೆ ಮಾಡಿ ನೋಡಿದ್ದರು, 2010ರಲ್ಲಿ ಪ್ರಕಟವಾಯ್ತು. ಸಿಒಪಿಡಿ ಇರಬಹುದು ಅನಿಸಿದ 405 ಮಂದಿ. ಧಾರಾಳವಾಗಿ ಆಕ್ಸಿಜನ್ ಕೊಟ್ಟ ಗುಂಪಿನಲ್ಲಿ ನೂರಕ್ಕೆ 9 ಜನ ತೀರಿಕೊಂಡರು, 88-92ಕ್ಕೆ ಅಳೆದು ಕೊಟ್ಟ ಗುಂಪಿನಲ್ಲಿ 4. ಅಂದರೆ ಅತ್ತೆಗೆ ಎರಡು ಲೀಟರಿನಲ್ಲಿ ಬರುತ್ತಿದ್ದ 89 ಕಾಯಿಲೆಯ ಸಂಖ್ಯೆ ಆಗಿರಲಿಲ್ಲ, ಸರಿಯಾದ ಸಂಖ್ಯೆ ಆಗಿತ್ತು! ಇದನ್ನು ಡಿಸ್ಚಾರ್ಜ್ ದಿನ ಒಂದು ಸಾಲಿನಲ್ಲಿ ಬರೆದು ಕೊಟ್ಟಿದ್ದರೆ ಮೈದುನರ ಕೈ ಆ ಗುಂಡಿಗೆ ಹೋಗುತ್ತಿರಲಿಲ್ಲ.

ಇನ್ನು ಆ ಅರ್ಧ ಮಾತ್ರೆ. ಆಲ್ಪ್ರಜೋಲಂ. ಚೀಟಿ ಇಲ್ಲದೆ ಕೊಟ್ಟರು. 2014ರ ಮಾರ್ಚ್‌ನಿಂದ ಅದು ಎಚ್1 ಪಟ್ಟಿಯಲ್ಲಿದೆ, ಅಂದರೆ ಡಾಕ್ಟರ ಚೀಟಿ ನೋಡಿ, ರೋಗಿಯ ಹೆಸರು ಬೇರೆ ಪುಸ್ತಕದಲ್ಲಿ ಬರೆದು ಕೊಡಬೇಕು. ಯಾರು ಬರೆಯುತ್ತಾರೆ, ಅಲ್ವಾ? ಗಟ್ಟಿಯಾಗಿರುವವರಿಗೆ ಅರ್ಧ ಮಾತ್ರೆ ಏನೂ ಮಾಡದೆ ಇರಬಹುದು. ಮೊದಲೇ ಕಷ್ಟಪಟ್ಟು ಉಸಿರು ಎಳೆಯುವವರಿಗೆ ಅದು ಮಿದುಳಿನ ಕೆಳಗಿನ ಉಸಿರಿನ ಕೇಂದ್ರದ ಮೇಲೆ ಕಂಬಳಿ ಹೊದಿಸಿದ ಹಾಗೆ. ಜೊತೆಗೆ ಹೆಂಡ ಸೇರಿದರೆ, ಅಥವಾ ಟ್ರಮಡಾಲ್, ಮಾರ್ಫಿನ್ ಥರದ ಜೋರು ನೋವಿನ ಮಾತ್ರೆ ಸೇರಿದರೆ, ಎಳೆ ವಯಸ್ಸಿನವರ ಉಸಿರೂ ನಿಲ್ಲಬಹುದು. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತು ಕಾಯಿದೆಯ ಕೆಳಗೇ ತಂದಿದ್ದಾರೆ. ಮಾರ್ಫಿನ್ ಜಾತಿಯ ಔಷಧಿ ಜಾಸ್ತಿಯಾಗಿದ್ದರೆ ನಲಾಕ್ಸೋನ್ ಅನ್ನುವ ಇಂಜೆಕ್ಷನ್ ಬೇಗ ಎಬ್ಬಿಸುತ್ತದೆ. ನಿದ್ದೆ ಮಾತ್ರೆಗೂ ಹೆಂಡಕ್ಕೂ ಅದು ಕೆಲಸ ಮಾಡುವುದಿಲ್ಲ. ಕುಡಿದು ಮಲಗಿದವನನ್ನು ನಿದ್ದೆ ಮಾಡಲಿ ಬಿಡಿ, ಬೆಳಗ್ಗೆ ಸರಿ ಹೋಗುತ್ತಾನೆ ಅನ್ನುವ ಮಾತು ನಮ್ಮಲ್ಲಿ ಎಷ್ಟು ಸಲೀಸು. ಅವನ ಉಸಿರನ್ನೂ ಎಣಿಸಿದರೆ ಕಳೆದುಕೊಳ್ಳುವುದೇನಿಲ್ಲ, ಒಂದು ನಿಮಿಷ ಅಷ್ಟೇ.

ಆ ವಾರ್ಡಿನಲ್ಲೇ ಇನ್ನೊಂದು ನೋಡಿದೆ. ತೋಟದ ಕೆಲಸಕ್ಕೆ ಬಂದಿದ್ದ ಹುಡುಗ, 25 ದಾಟಿರಲಿಲ್ಲ. ಶೆಡ್ಡಿನ ನೆಲದ ಮೇಲೆ ಮಲಗಿದ್ದನಂತೆ. ನಸುಕಿನಲ್ಲಿ ಹೊಟ್ಟೆ ನೋವು ಅಂತ ಎದ್ದ, ಕಣ್ಣು ಬಿಡಲು ಆಗುತ್ತಿಲ್ಲ, ಮಾತು ತೊದಲುತ್ತಿದೆ. ಹೆಂಡತಿಗೆ ರಾತ್ರಿ ಕುಡಿದಿದ್ದು ಇನ್ನೂ ಇಳಿದಿಲ್ಲ ಅನಿಸಿತು. ಅದು ಕಟ್ಟು ಹಾವು, ಕೆಲವು ಕಡೆ ಕಡಂಬಳ ಅನ್ನುತ್ತಾರೆ. ರಾತ್ರಿ ನೆಲದಲ್ಲಿ ಮಲಗಿದವರನ್ನು ಕಚ್ಚುತ್ತದೆ, ಬಹಳ ಸಲ ನೋವೂ ಇಲ್ಲ, ಊತವೂ ಇಲ್ಲ, ಹಲ್ಲಿನ ಗುರುತೂ ಸಿಗುವುದಿಲ್ಲ. ಅದರ ವಿಷ ನರದ ತುದಿಗೆ ಹೋಗಿ ಕೂರುತ್ತದೆ, ನರದಿಂದ ಸ್ನಾಯುವಿಗೆ ಸುದ್ದಿ ಹೋಗುವುದಿಲ್ಲ. ಮೊದಲು ರೆಪ್ಪೆ ಜೋತು ಬೀಳುತ್ತದೆ, ಆಮೇಲೆ ನುಂಗಲು ಆಗುವುದಿಲ್ಲ, ಕತ್ತು ನಿಲ್ಲುವುದಿಲ್ಲ, ಕೊನೆಗೆ ಎದೆಯ ಸ್ನಾಯು. ಇವನ ಮಿದುಳು ಸರಿಯಾಗೇ ಇದೆ, ಶ್ವಾಸಕೋಶವೂ ಸರಿಯಾಗೇ ಇದೆ, ನಡುವಿನ ತಂತಿ ಮಾತ್ರ ಕಡಿದಿದೆ. ಡ್ಯೂಟಿ ಡಾಕ್ಟರು ಅವನಿಗೆ ಮಾಡಿಸುತ್ತಿದ್ದ ಪರೀಕ್ಷೆ ನಾನು ಮರೆಯುವುದಿಲ್ಲ. "ಉಸಿರು ಪೂರ್ತಿ ಎಳ್ಕೊಂಡು, ಮಧ್ಯೆ ಎಳೆಯದೆ, ಒಂದು ಎರಡು ಅಂತ ಎಣಿಸಪ್ಪ." ಮೊದಲ ಸಲ 18ರ ತನಕ ಹೋದ. ಸ್ವಲ್ಪ ಹೊತ್ತು ಬಿಟ್ಟು 11. ಆಮೇಲೆ 6. ಅವನಿಗೆ ಏದುಸಿರೇ ಇರಲಿಲ್ಲ, ಹೊರಗಿನಿಂದ ನೋಡಿದರೆ ತೂಕಡಿಸುತ್ತಾ ಆರಾಮಾಗಿ ಕೂತ ಹಾಗೆ ಕಾಣುತ್ತಿದ್ದ. ಆರು ಅಂದ ಕೂಡಲೇ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಹಾಕಿದರು. ವಿಷದ ಮದ್ದು ಆಗಲೇ ಕೊಟ್ಟಿದ್ದರು, ಆದರೆ ಕಟ್ಟು ಹಾವಿನ ವಿಷ ನರದ ತುದಿಯನ್ನು ಹಾಳು ಮಾಡಿದ ಮೇಲೆ ಮದ್ದು ಅದನ್ನು ರಿಪೇರಿ ಮಾಡುವುದಿಲ್ಲ, ನರ ತಾನೇ ಚಿಗುರಬೇಕು, ಅಲ್ಲಿ ತನಕ ಯಂತ್ರ ಉಸಿರಾಡಬೇಕು. ಐದು ದಿನ ಬೇಕಾಯ್ತು. ಅತ್ತೆ ಡಿಸ್ಚಾರ್ಜ್ ಆಗುವ ದಿನ ಅವನು ಇಡ್ಲಿ ತಿನ್ನುತ್ತಿದ್ದ.

ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪಟ್ಟಿಗೆ ಸೇರಿಸಿದ್ದಾರೆ. ಒಳ್ಳೆಯದೇ. ನಿಮ್ಮ ಪತ್ರಿಕೆಯಲ್ಲೂ ಹಾವು ಕಚ್ಚಿದ ಸುದ್ದಿ ಬರುತ್ತಿರುತ್ತದೆ, ಕಾಲಿಗೆ ಹಗ್ಗ ಕಟ್ಟಬೇಡಿ, ಕೊಯ್ಯಬೇಡಿ, ನಾಟಿ ಮದ್ದಿಗೆ ಓಡಬೇಡಿ ಅಂತ ಕೊನೆಗೆ ಸೇರಿಸುತ್ತೀರಿ. ಅದರ ಜೊತೆ ಇನ್ನೊಂದು ಸಾಲು ಸೇರಿಸಿ: ನೆಲದಲ್ಲಿ ಮಲಗಿದ್ದವರು ಬೆಳಗ್ಗೆ ರೆಪ್ಪೆ ಎತ್ತಲಾರದೆ ಎದ್ದರೆ ಕುಡಿದಿದ್ದಾರೆ ಅಂದುಕೊಳ್ಳಬೇಡಿ ಅಂತ.

ಹೀಗೆ ನಡುವಿನ ತಂತಿ ಹಾಳಾಗುವ ಕಾಯಿಲೆಗಳು ಬೇರೆಯೂ ಇವೆ. 2025ರ ಜನವರಿಯಲ್ಲಿ ಪುಣೆಯಲ್ಲಿ ಗಿಯಾನ್ ಬಾರೆ ಅಂತ ಒಂದು ಕಾಯಿಲೆ ಸುದ್ದಿಯಾಗಿತ್ತಲ್ಲ, ಕಾಲಿನಿಂದ ಶುರುವಾಗಿ ಮೇಲಕ್ಕೆ ಶಕ್ತಿ ಹೋಗುತ್ತಾ ಬರುವುದು, ಅದು ಎದೆಗೆ ಬಂದರೂ ಇದೇ ಕತೆ. ಗದ್ದೆಗೆ ಹೊಡೆಯುವ ಕೀಟನಾಶಕ ಮೈಗೆ ಹೋದರೂ ಉಸಿರಿನ ಸ್ನಾಯು ಸೋಲಬಹುದು. ಬೆನ್ನು ತೀರಾ ಗೂನಾಗಿರುವವರಿಗೆ ಎದೆಗೂಡು ಹಿಗ್ಗಲು ಜಾಗವೇ ಇರುವುದಿಲ್ಲ. ಥೈರಾಯ್ಡ್ ತುಂಬಾ ಕಮ್ಮಿಯಾಗಿ ಮಾತ್ರೆ ಬಿಟ್ಟ ವಯಸ್ಸಾದವರಲ್ಲೂ ಉಸಿರು ನಿಧಾನವಾಗುತ್ತದೆ. ಇನ್ನು ನಮ್ಮ ನೆಂಟರಲ್ಲೇ ಒಬ್ಬರಿದ್ದಾರೆ, ತೂಕ 120 ಕೆಜಿ ದಾಟಿದೆ, ಗೊರಕೆ ಹೊಡೆದರೆ ಹಂಚು ಹಾರುತ್ತದೆ ಅಂತ ಮದುವೆ ಮನೆಗಳಲ್ಲಿ ಅವರನ್ನು ಆಡಿಕೊಳ್ಳುವುದೇ ಒಂದು ತಮಾಷೆ. ಬೆಂಗಳೂರಿನ ಸಿಗ್ನಲ್‌ನಲ್ಲಿ ಸ್ಟೀರಿಂಗ್ ಹಿಡಿದೇ ನಿದ್ದೆ ಹೋಗಿದ್ದಾರೆ. ನಾನು ಅವರಿಗೆ ಫೋನ್ ಮಾಡಿ ಬೆಳಗ್ಗೆ ತಲೆನೋವು ಬರುತ್ತಾ ಅಂತ ಕೇಳಿದೆ. ದಿನಾ ಬರುತ್ತದಂತೆ. ಪರೀಕ್ಷೆ ಮಾಡಿಸಿ ಅಂದಿದ್ದೇನೆ, ಮಾಡಿಸಿದರೋ ಇಲ್ಲವೋ.

ಆ ಬೆಳಗಿನ ತಲೆನೋವು ದೊಡ್ಡ ಸುಳಿವು. ರಾತ್ರಿ ನಿದ್ದೆಯಲ್ಲಿ ಎಲ್ಲರ ಉಸಿರೂ ಸ್ವಲ್ಪ ಇಳಿಯುತ್ತದೆ, ಇಂಥವರದ್ದು ಜಾಸ್ತಿ ಇಳಿದು ಹೊಗೆ ತುಂಬಿ, ಎದ್ದಾಗ ತಲೆ ಭಾರ. ಅತ್ತೆಗೂ ಒಂದು ವಾರದಿಂದ ಇತ್ತು, ನಾನು ಅಮೃತಾಂಜನ ಹಚ್ಚುತ್ತಿದ್ದೆ. ಹಗಲೆಲ್ಲ ತೂಕಡಿಕೆ, ರಾತ್ರಿ ನಿದ್ದೆ ಇಲ್ಲ. ಸತ್ತುಹೋದ ಮಾವನವರನ್ನು ಊಟಕ್ಕೆ ಕರಿ ಅಂತ ಒಮ್ಮೆ ಹೇಳಿದ್ದರು, ವಯಸ್ಸಾಯ್ತು ಅಂದುಕೊಂಡೆವು. ಇನ್ನೊಂದು, ಎರಡು ಸಲ ಕಾಫಿ ಲೋಟ ಕೈ ಜಾರಿ ಬಿತ್ತು. ಆಸ್ಪತ್ರೆಯಲ್ಲಿ ಸ್ವಲ್ಪ ಸುಧಾರಿಸಿದ ಮೇಲೆ ಡಾಕ್ಟರು "ಅಜ್ಜಿ, ಬಸ್ ನಿಲ್ಲಿಸುವ ಹಾಗೆ ಎರಡೂ ಕೈ ಚಾಚಿ" ಅಂದರು. ಅತ್ತೆ ಚಾಚಿದರು. ಅಂಗೈಗಳು ಪಟಪಟ ಅಂತ ಮುಂದಕ್ಕೆ ಬಿದ್ದು ಬಿದ್ದು ಏಳುತ್ತಿದ್ದವು, ಹಕ್ಕಿ ರೆಕ್ಕೆ ಬಡಿದ ಹಾಗೆ. ಹೊಗೆ ತುಂಬಿದ ಮಿದುಳಿಗೆ ಕೈಯನ್ನು ಒಂದೇ ಸಮ ಎತ್ತಿ ಹಿಡಿಯಲು ಆಗುವುದಿಲ್ಲ. ಆಗ ನನಗೆ ಆ ಲೋಟ ನೆನಪಾಯ್ತು. ಹೊಸ ಲೋಟ, ನೆಗ್ಗಿತು ಅಂತ ನಾನು ಗೊಣಗಿದ್ದೆ ಬೇರೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಉಸಿರಿನ ಸಂಖ್ಯೆ ಸರಿ ಇದ್ದರೆ ಸಾಕು ಅಂತ. ಅದೊಂದೇ ಸಾಲದು. ಆಳವೂ ಬೇಕು. ಲೆಕ್ಕ ಹಾಕಿ ನೋಡಿ. ಒಂದು ಮಾಮೂಲಿ ಉಸಿರಿಗೆ ಸುಮಾರು ಅರ್ಧ ಲೀಟರ್ ಗಾಳಿ. ಅದರಲ್ಲಿ 150 ಎಂಎಲ್ ಮೂಗು, ಗಂಟಲು, ದೊಡ್ಡ ಕೊಳವೆಗಳಲ್ಲೇ ಉಳಿದು ಹಾಗೇ ವಾಪಸ್ ಬರುತ್ತದೆ, ಕೆಲಸಕ್ಕೆ ಬರುವುದು 350. ನಿಮಿಷಕ್ಕೆ 12 ಸಲವಾದರೆ ನಾಲ್ಕು ಲೀಟರಿಗೂ ಸ್ವಲ್ಪ ಮೇಲೆ. ಅದೇ ಒಬ್ಬರು 200 ಎಂಎಲ್‌ನ ಸಣ್ಣ ಸಣ್ಣ ಉಸಿರು ನಿಮಿಷಕ್ಕೆ 30 ಸಲ ಎಳೆದರೆ, ಒಟ್ಟು ಗಾಳಿ ಅಷ್ಟೇ, ಆರು ಲೀಟರ್. ಆದರೆ ಪ್ರತಿ ಸಲ ಒಳಗೆ ಮುಟ್ಟುವುದು 50 ಎಂಎಲ್, ಒಟ್ಟು ಒಂದೂವರೆ ಲೀಟರ್! ಉಳಿದಿದ್ದೆಲ್ಲ ಬಾಗಿಲಿನ ತನಕ ಬಂದು ಹೋದ ನೆಂಟರ ಹಾಗೆ. ಹಾಗಾಗಿ ಎಣಿಸುವಾಗ ಎದೆ ಹೊಟ್ಟೆ ಎಷ್ಟು ಏಳುತ್ತದೆ ಅನ್ನುವುದನ್ನೂ ನೋಡಬೇಕು. ಕೂಸುಗಳಿಗೆ ಈ ಲೆಕ್ಕ ಹಾಕಬೇಡಿ, ಆಗ ಹುಟ್ಟಿದ ಮಗು ನಿಮಿಷಕ್ಕೆ 30ರಿಂದ 60 ಸಲ ಉಸಿರಾಡುವುದೇ ಸರಿ.

ಓದಿದವರೂ ಈ ತಪ್ಪು ಮಾಡಿದ್ದಾರೆ, ನಾವೇ ದಡ್ಡರಲ್ಲ ಅಂತ ಮಗಳು ಸಮಾಧಾನಕ್ಕೆ ಒಂದು ಸಂಗತಿ ಹೇಳಿದಳು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹರಡಿತು. ಉಸಿರಿನ ಸ್ನಾಯು ಸೋತವರನ್ನು ಬ್ಲೆಗ್ಡಾಮ್ ಆಸ್ಪತ್ರೆಗೆ ತರುತ್ತಿದ್ದರು. ಉಸಿರು ಕೆಟ್ಟಿದ್ದ ಮೊದಲ 31 ಮಂದಿಯಲ್ಲಿ 27 ಜನ ತೀರಿಕೊಂಡರು. ಆಕ್ಸಿಜನ್ ಕೊಟ್ಟಿದ್ದರು, ಮೈಬಣ್ಣ ಚೆನ್ನಾಗಿಯೇ ಇತ್ತು, ನಮ್ಮ ಅತ್ತೆಯ ಹಾಗೆ. ರಕ್ತ ಪರೀಕ್ಷೆಯಲ್ಲಿ ಬಂದ ಏರಿಕೆಯನ್ನು ಅಲ್ಲಿನ ವೈದ್ಯರು ಬೇರೇನೋ ಕ್ಷಾರದ ತೊಂದರೆ ಅಂತ ಓದಿದರು. ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಮಾತ್ರ, ಇದು ಇಂಗಾಲದ ಡೈಆಕ್ಸೈಡ್ ತುಂಬಿರುವುದು, ಇವರು ಉಸಿರು ಹೊರಗೆ ಹಾಕುತ್ತಿಲ್ಲ ಅಂದರು. ಆಗಸ್ಟ್ 27ರಂದು 12 ವರ್ಷದ ಒಬ್ಬಳು ಹುಡುಗಿಯ ಕತ್ತಿಗೆ ತೂತು ಮಾಡಿ, ಕೊಳವೆ ಇಟ್ಟು, ರಬ್ಬರ್ ಚೀಲ ಒತ್ತಿ ಒತ್ತಿ ಗಾಳಿ ಆಡಿಸಿ ತೋರಿಸಿದರು. ಹುಡುಗಿ ಬದುಕಿದಳು. ಯಂತ್ರಗಳು ಸಾಲದೆ ಸುಮಾರು 1500 ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ರಾತ್ರಿ ಹಗಲು ಕೈಯಲ್ಲಿ ಚೀಲ ಒತ್ತಿದರು. ನೂರಕ್ಕೆ 80ಕ್ಕೂ ಮೇಲೆ ಇದ್ದ ಸಾವು ಅರ್ಧಕ್ಕೆ ಇಳಿಯಿತು. ಈಗಿನ ಐಸಿಯುಗಳು ಹುಟ್ಟಿದ್ದೇ ಅಲ್ಲಿಂದ ಅನ್ನುತ್ತಾರೆ. ನನ್ನ ಮಗಳ ವಯಸ್ಸಿನ ಮಕ್ಕಳು ಯಾರದೋ ಹಾಸಿಗೆ ಪಕ್ಕ ಕೂತು ಚೀಲ ಒತ್ತುವುದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನು ನನ್ನ ಕೋರಿಕೆ. ಮನೆಗೆ ಆಕ್ಸಿಜನ್ ಮಶಿನ್ ಕೊಟ್ಟು ಕಳಿಸುವ ಆಸ್ಪತ್ರೆಗಳು, ಬಾಡಿಗೆಗೆ ಕೊಡುವ ಅಂಗಡಿಗಳು, ಮಶಿನ್ ಮೇಲೆ ಒಂದು ಚೀಟಿ ಅಂಟಿಸಲಿ. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಈ ರೋಗಿಗೆ ಎಷ್ಟು ಲೀಟರ್, ಮೀಟರಿನಲ್ಲಿ ಎಷ್ಟರಿಂದ ಎಷ್ಟು ಇರಬೇಕು, ಜಾಸ್ತಿ ಬಂದರೂ ಫೋನ್ ಮಾಡಿ, ಯಾವ ನಂಬರಿಗೆ. ಇಷ್ಟೇ. ಕಮ್ಮಿ ಬಂದರೆ ಬನ್ನಿ ಅಂತ ಎಲ್ಲರೂ ಹೇಳುತ್ತಾರೆ, ಜಾಸ್ತಿ ಬಂದರೂ ತೊಂದರೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಎಬಿಜಿ ಯಂತ್ರ ನಮ್ಮ ತಾಲ್ಲೂಕಿನಲ್ಲಿ ಇಲ್ಲ, ಆ ಒಂದು ಪರೀಕ್ಷೆಗೆ ಘಾಟಿ ಇಳಿದು ಒಂದೂವರೆ ಗಂಟೆ ಹೋಗಬೇಕಾಯ್ತು. ದುಡ್ಡಿನ ವಿಷಯ, ನಿಧಾನ ಆಗಬಹುದು, ಅರ್ಥವಾಗುತ್ತದೆ. ಚೀಟಿಗೆ ಏನು ಖರ್ಚು? ಮಳೆಗಾಲ ಶುರುವಾಗುವ ಮೊದಲು ನೀವು ಇದನ್ನು ಜಿಲ್ಲಾ ಪುಟದಲ್ಲಾದರೂ ಹಾಕಿದರೆ ಅನುಕೂಲ, ಯಾಕೆಂದರೆ ಕಫದ ಕೇಸುಗಳು ಜಾಸ್ತಿಯಾಗಿ ಮಶಿನ್‌ಗಳು ಮನೆ ಸೇರುವುದು ಆಗಲೇ.

ನಮ್ಮ ಮಶಿನ್‌ಗೆ ಮಗಳೇ ಬಂದು ಚೀಟಿ ಅಂಟಿಸಿದ್ದಾಳೆ, ಹಳೇ ಕ್ಯಾಲೆಂಡರಿನ ಹಿಂದುಗಡೆ ಸ್ಕೆಚ್ ಪೆನ್ನಿನಲ್ಲಿ ಬರೆದು. ಗುಂಡಿಯ ಮೇಲೆ ಒಂದು ತುಂಡು ಗಮ್ ಟೇಪು. ಅತ್ತೆ ಈಗ ರಾತ್ರಿ ಬೈಪ್ಯಾಪ್ ಹಾಕಿಕೊಂಡು ಮಲಗುತ್ತಾರೆ, ಅದಕ್ಕೆ ಆನೆ ಸೊಂಡಿಲು ಅಂತ ಹೆಸರಿಟ್ಟಿದ್ದಾರೆ, ಕರೆಂಟ್ ಹೋದ ರಾತ್ರಿ ತೆಗೆದಿಡಲು ನೆಪ ಸಿಕ್ಕಿತು ಅಂತ ಖುಷಿಪಡುತ್ತಾರೆ, ಬ್ಯಾಟರಿ ಇದೆ ಅಂದರೆ ಮುಖ ಸಿಂಡರಿಸುತ್ತಾರೆ. ಮೊನ್ನೆ ಹಬ್ಬಕ್ಕೆ ಬಂದ ಮೈದುನ ಅಭ್ಯಾಸಬಲದಿಂದ ಮೀಟರ್ ಹಾಕಿ ನೋಡಿ 90 ಅಂತ ರಾಗ ಎಳೆದರು. ಅತ್ತೆ ಕವಳದ ಸಂಚಿ ಬಿಚ್ಚುತ್ತಾ, "ಅಷ್ಟೇ ಇರಬೇಕು ಮಾರಾಯ, ಮುಟ್ಟಬೇಡ ಅದನ್ನ" ಅಂದರು.

ಇಂತಿ,
ಮಲೆನಾಡಿನ ಒಬ್ಬ ಓದುಗಳು